ಕೈ ಕಾಣುವ ಲ್ಯಾಪ್‌ಟಾಪ್

ಹುಡುಗನ ಫೋಟೋ ಕೊಟ್ಟಾಗ ನನ್ನ ತಂಗಿ ಶೋಭಾ ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಕೈ ಎಲ್ಲಿ?"

ಪಾಸ್‌ಪೋರ್ಟ್ ಅಳತೆಯ ಫೋಟೋ. ಮುಖವಿತ್ತು, ಒಪ್ಪವಾಗಿ ಬಾಚಿದ ಕೂದಲಿತ್ತು, ಅಂಗಿಯ ಕಾಲರ್ ಇತ್ತು. ಕೈ ಇರಲಿಲ್ಲ. ಮದುವೆಯ ಫೋಟೋದಲ್ಲಿ ಕೈ ಯಾರಿಗೆ ಬೇಕು? ಶೋಭಾಗೆ ಬೇಕಿತ್ತು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹುಡುಗ ದೀಪಕನಿಗೂ ಕೇಳುವುದಿಲ್ಲ. ಇಬ್ಬರೂ ಮಾತಾಡುವುದು ಕೈಯಲ್ಲಿ. ಕೈ ಇಲ್ಲದ ಫೋಟೋ ಎಂದರೆ ಅವಳ ಪಾಲಿಗೆ ಬಾಯಿ ಮುಚ್ಚಿಕೊಂಡು ಕೂತವನ ಫೋಟೋ.

(ಅವಳು ಕೈಯಲ್ಲಿ ಆಡಿದ್ದನ್ನು ನಾನಿಲ್ಲಿ ಬಾಯಿಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಇಳಿಸುವಾಗ ಸ್ವಲ್ಪ ಚೆಲ್ಲುತ್ತದೆ.)

ಇದೆಲ್ಲ ಈಗ ಯಾಕೆ? ಮೊನ್ನೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಸಿಕ್ಕಿ, "ಸರ, ಮಗಳಿಗೆ ಲ್ಯಾಪ್‌ಟಾಪ್ ಕೊಡಸೂದೈತ್ರಿ. ಗ್ರಾಫಿಕ್ಸ್ ಎಂಥಾದ್ದಿರಬೇಕು, ಸ್ಕ್ರೀನ್ ಎಷ್ಟ ದೊಡ್ಡದಿರಬೇಕು?" ಎಂದು ಕೇಳಿದರು. ನನಗೆ ಆ ಫೋಟೋ ನೆನಪಾಯಿತು. ಉತ್ತರ ಹುಡುಕುವಷ್ಟರಲ್ಲಿ ಅವರ ಬಸ್ ಬಂತು.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ದೀಪಕನ ಮನೆಯವರು ಕಾಗವಾಡದವರು. ಅವನ ಅಪ್ಪ, ಕಾಕಾ ಬಂದು ಉಪ್ಪಿಟ್ಟು ತಿಂದು, ಚಹಾ ಕುಡಿದು, ಶೋಭಾಳನ್ನು ನೋಡಿ ಒಪ್ಪಿ ಹೋಗಿದ್ದರು. ಹುಡುಗ ಪುಣೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ. ರಜೆ ಸಿಕ್ಕಿರಲಿಲ್ಲ. ಫೋಟೋ ಸಿಕ್ಕಿತ್ತು.

"ಮನೆತನ ಚೊಲೋ ಐತಿ. ಹುಡುಗ ದುಡಿತಾನ. ಸಾಖರಪುಡಾ ಮಾಡೇ ಬಿಡೂಣು" ಎಂದು ನಮ್ಮ ಸೋದರಮಾವ ಅವಸರ ಮಾಡಿದ. ನಮ್ಮ ಕಡೆ ನಿಶ್ಚಯಕ್ಕೆ ಸಾಖರಪುಡಾ ಎನ್ನುತ್ತಾರೆ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಅವನದು. ಅಪ್ಪ ಹೋದ ಮೇಲೆ ನಮ್ಮ ಮನೆಯ ಶುಭಕಾರ್ಯಗಳಿಗೆಲ್ಲ ಅವನದೇ ಮಾತು.

ಶೋಭಾ ಎರಡೂ ಅಂಗೈ ಅಡ್ಡ ಹಿಡಿದಳು. "ಮಾತಾಡದ ನಾ ಹೂಂ ಅನ್ನೂದಿಲ್ಲ."

"ಏನ ಮಾತಾಡೂದೈತಿ ಆಕೀದು?" ಮಾಮಾ ನನ್ನನ್ನು ಕೇಳಿದ. ಅವಳನ್ನು ಕೇಳಬೇಕಾದ್ದೆಲ್ಲ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಕಿವುಡರ ಶಾಲೆಯಿಂದ ಅವಳು ರಜೆಗೆ ಬಂದಾಗಲೆಲ್ಲ ನಾನು ಅವಳಿಂದ ಕೈಮಾತು ಕಲಿತಿದ್ದೆ. ಅವ್ವನಿಗೆ ಮನೆಯ ಸನ್ನೆಗಳಷ್ಟೇ ಗೊತ್ತು: ಊಟ, ನೀರು, ಜ್ವರ, ಬಾ, ಹೋಗು.

ದೀಪಕ ಎಸ್ಸೆಮ್ಮೆಸ್ ಮಾಡಿದ್ದ. ಅವನ ರೂಮಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕ್ಯಾಮೆರಾ ಇದೆ, ಭಾನುವಾರ ಮಾತಾಡಬಹುದು. ನಮ್ಮೂರಲ್ಲೂ ಸೈಬರ್ ಕೆಫೆ ಇತ್ತು. ಪರದೆ ಕಟ್ಟಿದ ಗೂಡುಗಳು. ಅಲ್ಲಿ ಹುಡುಗಿಯನ್ನು ಕೂರಿಸಲು ಮಾಮಾ ಸುತಾರಾಂ ಒಪ್ಪಲಿಲ್ಲ. "ಮಂದಿ ಏನಂದಾರು? ನಾನೇ ಒಂದ ಲ್ಯಾಪ್‌ಟಾಪ್ ಉಡುಗೊರಿ ಕೊಡತೇನಿ. ಮನ್ಯಾಗ ಕುಂತ ಮಾತಾಡ್ಲಿ."

ಹಾಗೆ ಮಾಮಾ, ಶೋಭಾ, ನಾನು ಮೂವರೂ ನಿಪ್ಪಾಣಿಯ ಅಂಗಡಿಗೆ ಹೋದೆವು.

"ಕೈ ಸರಿಯಾಗಿ ಕಾಣಬೇಕ್ರಿ" ಎಂದೆ ನಾನು. "ಜಲ್ದಿ ಜಲ್ದಿ ಆಡಿಸಿದರೂ ಚಿತ್ರ ಕಲಸಿಕೊಳ್ಳಬಾರದು."

"ಹಂಗಾರ ಮಲ್ಟಿಮೀಡಿಯಾ ಮಾಡೆಲ್ ತಗೋರಿ ಸರ. ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಐತಿ. ಬಘಾ ಮಾಮಾ, ಬಘಾ!" ಎಂದು ಅಂಗಡಿಯವನು ಮರಾಠಿಯಲ್ಲಿ ಮಾಮಾನಿಗೆ ನೋಡಲು ಹೇಳಿ ಕಾರ್ ರೇಸಿನ ಗೇಮ್ ಹಚ್ಚಿದ. ಕೆಂಪು ಕಾರು ಗುಡ್ಡದ ತಿರುವುಗಳಲ್ಲಿ ಎಣ್ಣೆ ಹಚ್ಚಿದಂತೆ ಜಾರಿತು. ಆಮೇಲೆ ಸ್ಪೀಕರ್ ಜೋರು ಮಾಡಿದ. ಶೋಭಾ ಸ್ಪೀಕರ್ ಮೇಲೆ ಅಂಗೈ ಇಟ್ಟು, ಅದು ನಡುಗುವುದನ್ನು ನೋಡಿ ನಕ್ಕಳು. ಅವನು ಇನ್ನಷ್ಟು ಜೋರು ಮಾಡಿದ.

ಅವಳ ಕಣ್ಣು ಬೇರೆ ಕಡೆ ಇತ್ತು. ಬಾಗಿಲ ಬಳಿ ಸಣ್ಣದೊಂದು ಲ್ಯಾಪ್‌ಟಾಪ್ ಇಟ್ಟಿದ್ದರು. ಬೇರೆ ಗ್ರಾಫಿಕ್ಸ್ ಇಲ್ಲ. ಸ್ಕ್ರೀನಿಗೆ ಹೊಳಪಿಲ್ಲ, ಅಂಗಡಿಯವನ ಭಾಷೆಯಲ್ಲಿ 'ಮ್ಯಾಟ್'. ಕ್ಯಾಮೆರಾ ಆನ್ ಮಾಡಿಸಿ ಅದರ ಮುಂದೆ ತನ್ನ ಹೆಸರು, ಊರು, ಅವ್ವನ ಹೆಸರು ಎಲ್ಲ ಕೈಯಲ್ಲಿ ಹೇಳಿದಳು. ಬೀದಿಯ ಬಿಸಿಲು ನೇರ ಅದರ ಮೇಲೇ ಬೀಳುತ್ತಿತ್ತು. ಆದರೂ ಬೆರಳುಗಳು ಬಿಡಿ ಬಿಡಿಯಾಗಿ ಕಂಡವು.

"ಇದು" ಎಂದಳು.

ಮಾಮಾ ಸಣ್ಣದನ್ನು ನೋಡಿದ. ಮುಖ ಕಿವುಚಿದ. ದೊಡ್ಡದನ್ನು ನೋಡಿದ. ಅದರ ಕಪ್ಪು ಗಾಜಿನಲ್ಲಿ ಅವನ ರುಮಾಲು, ಮೀಸೆ ಎಲ್ಲ ಕನ್ನಡಿಯಲ್ಲಿ ಕಂಡಂತೆ ಕಂಡವು. ಅವನು ತಂಬಾಕಿನ ಎಲೆಯನ್ನು ಬೆಳಕಿಗೆ ಹಿಡಿದು, ಮಿರುಗು ನೋಡಿ ದರ ಹೇಳುವವನು. ಮಿರುಗಿದ್ದರೆ ಮಾಲು, ಇಲ್ಲದಿದ್ದರೆ ಕಸ.

"ಅದು ಮಬ್ಬ ಐತಿ ಅನ್ನೋ ಆಕಿಗೆ. ಶುಭಕಾರ್ಯಕ್ಕ ಮಬ್ಬ ಮಾಲ ಒಯ್ತಾರೇನ? ಇದರ ಹೊಳಪ ನೋಡ!"

ನಾನೂ ದೊಡ್ಡದಿರಲಿ ಎಂದೆ. ಗ್ರಾಫಿಕ್ಸ್ ಚೆನ್ನಾಗಿದ್ದರೆ ಕೈಯೂ ಚೆನ್ನಾಗಿ ಕಾಣುತ್ತದೆಂದು ನಂಬಿದ್ದೆ. ಕಾರು ಅಷ್ಟು ಸಲೀಸಾಗಿ ಓಡಿತ್ತಲ್ಲ! ದೊಡ್ಡದೇ ಮನೆಗೆ ಬಂತು.

ಭಾನುವಾರ ಬೆಳಗ್ಗೆ ಪಡಸಾಲೆಯಲ್ಲಿ ಜಮಖಾನೆ ಹಾಸಿದೆವು. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಅದರ ಮುಂದೆ ಶೋಭಾ. ಅವಳ ಹಿಂದೆ ಮಾಮಾ, ಅವನ ಹೆಂಡತಿ ಅತ್ತಿ, ಅವ್ವ, ರಾಯಬಾಗಕ್ಕೆ ಕೊಟ್ಟಿದ್ದ ನಮ್ಮ ದೊಡ್ಡಕ್ಕ. ಪಕ್ಕದ ಮನೆಯ ಮುದುಕಿಯೂ ಬಂದು ಕೂತಿದ್ದಳು. ಪೂರ್ವದ ಬಾಗಿಲು ಅಗಲವಾಗಿ ತೆರೆದಿತ್ತು. ಮದುವೆಯ ಮಾತು ನಡೆಯುವಾಗ ಬಾಗಿಲು ಹಾಕುವುದಿಲ್ಲ, ಲಕ್ಷ್ಮಿ ಹೊರಗೇ ನಿಲ್ಲುತ್ತಾಳೆ ಎಂಬುದು ನಮ್ಮ ಮನೆಯ ನಂಬಿಕೆ.

ಸ್ಕ್ರೀನಿನಲ್ಲಿ ದೀಪಕ ಬಂದ. ನೀಲಿ ಅಂಗಿ. ನಮಸ್ಕಾರ ಮಾಡಿದ. ಆಮೇಲೆ ಅವನ ಕೈ ಮಾತಾಡತೊಡಗಿತು.

ಶೋಭಾ ಕಣ್ಣು ಕಿರಿದು ಮಾಡಿದಳು. ಇನ್ನೊಮ್ಮೆ ಹೇಳು ಎಂದಳು. ಅವನು ಹೇಳಿದ. ಇನ್ನೊಮ್ಮೆ. ಅವಳು ಸ್ಕ್ರೀನನ್ನು ಹಿಂದೆ ಬಾಗಿಸಿದಳು, ಮುಂದೆ ಬಾಗಿಸಿದಳು.

"ಏನಂತಾನ? ಮನ್ಯಾಗ ಮಂದಿ ಎಷ್ಟ ಅದಾರ ಕೇಳ" ಎಂದ ಮಾಮಾ.

"ಅಡಗಿ ಬರ್ತೈತಿ ಅಂತ ಹೇಳಂತ ಹೇಳೋ ಆಕಿಗೆ" ಎಂದಳು ಅತ್ತಿ.

ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಆಗ ಕಂಡಿತು. ಬಾಗಿಲಿನ ಬಿಸಿಲಿಗೆ ಆ ಹೊಳೆಯುವ ಗಾಜಿನ ತುಂಬ ನಾವೇ ಇದ್ದೆವು. ದೀಪಕನ ಎದೆಯ ಮೇಲೆ ಮಾಮಾನ ರುಮಾಲು. ಅವನ ಬಲಗೈ ಇರಬೇಕಾದಲ್ಲಿ ಅತ್ತಿಯ ಮುಖ. ಪಕ್ಕದ ಮನೆಯ ಮುದುಕಿಯ ಬಾಯಿ ಅಡಕೆ ಜಗಿಯುವುದೂ ಕಾಣುತ್ತಿತ್ತು. ಕೈಗಳು ನಮ್ಮೆಲ್ಲರ ಹಿಂದೆ ಎಲ್ಲೋ ಆಡುತ್ತಿದ್ದವು.

ಶೋಭಾ ಎದ್ದಳು. ಹೋಗಿ ಬಾಗಿಲು ಹಾಕಲು ಕೈ ಇಟ್ಟಳು.

"ಏ, ಹಾಕಬ್ಯಾಡ ಅನ್ನೋ ಆಕಿಗೆ!" ಮಾಮಾ ಅರ್ಧ ಎದ್ದ.

ನಾನು ಹೇಳಿದೆ. ಅವಳು ಸ್ಕ್ರೀನ್ ತೋರಿಸಿದಳು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ತೋರಿಸಿದಳು. "ಇದರಾಗ ನೀವ ಕಾಣತೀರಿ. ಅವ ಕಾಣವಲ್ಲ. ನಾ ಯಾರನ್ನ ಮದಿವಿ ಆಗಬೇಕು?"

ನಾನು ಅದನ್ನು ಬಾಯಲ್ಲಿ ಹೇಳಿದೆ. ಅವ್ವ ಮೊದಲು ಎದ್ದಳು. ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಅಂಗಳಕ್ಕಿಳಿದರು. ನಾನು ನನ್ನ ಜಾಗದಲ್ಲೇ ಕೂತಿದ್ದೆ. ಮಾತು ದಾಟಿಸುವವನು ನಾನಲ್ಲವೇ?

"ನೀನೂ" ಎಂದಳು ಶೋಭಾ.

ಅವಳಿಗೂ ಜಗತ್ತಿಗೂ ನಡುವೆ ಅಷ್ಟು ವರ್ಷ ನಿಂತವನು ನಾನು. ಆ ಸನ್ನೆ ತೀರಾ ಸಣ್ಣದು, ಒಂದು ಬೆರಳು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಎದ್ದು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಅಂಗಳದಲ್ಲಿ ನಿಂತೆವು. ಮಾಮಾ ತಡೆಯಲಾರದೆ ಬಾಗಿಲಿಗೆ ಕಿವಿ ಹಚ್ಚಿದ.

"ಏನ ಕೇಳಸಾಕತ್ತೈತಿ ಮಾಮಾ?" ಅಂದಳು ಅಕ್ಕ.

ಮಾಮಾ ಕಿವಿ ತೆಗೆದ. ಅತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕೊನೆಗೆ ಮಾಮಾನೂ ನಕ್ಕ. ಆಮೇಲೆ ಒಳಗಿಂದ ಒಂದು ದನಿ ಬಂತು. ಶೋಭಾಳ ನಗು. ಅವಳು ಮಂದಿಯೆದುರು ಎಂದೂ ಹಾಗೆ ನಗುತ್ತಿರಲಿಲ್ಲ. ತನ್ನ ನಗು ಬೇರೆಯವರಿಗೆ ಹೇಗೆ ಕೇಳಿಸುತ್ತದೋ ಎಂಬ ಅಂಜಿಕೆ ಅವಳಿಗೆ. ಅವತ್ತು ಅಂಜಿಕೆ ಇರಲಿಲ್ಲ.

ಈಗ ಎಲ್ಲರ ಕಿಸೆಯಲ್ಲೂ ವಿಡಿಯೊ ಕಾಲ್ ಇದೆ. ಪೇಟೆಯಲ್ಲಿ ನಡೆಯುತ್ತಲೇ ಮಾತಾಡುತ್ತಾರೆ. ಆಗ ಹಾಗಿರಲಿಲ್ಲ. ನೆಟ್ ನಿಲ್ಲುತ್ತಿತ್ತು, ಚಿತ್ರ ಕಲ್ಲಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಅದಕ್ಕೇನೂ ಮಾಡಲಾಗುತ್ತಿರಲಿಲ್ಲ. ಒಂದು ಕೈ ಗಾಳಿಯಲ್ಲೇ ನಿಂತುಬಿಟ್ಟರೆ ಅದು ಮತ್ತೆ ಆಡುವವರೆಗೆ ಕಾಯಬೇಕಿತ್ತು. ಆ ಇಬ್ಬರೂ ಕಾದಿರಬೇಕು.

ಬಾಗಿಲು ತೆರೆದಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಶೋಭಾ ನನ್ನ ಕಡೆ ನೋಡಲಿಲ್ಲ. ನೇರ ಅವ್ವನ ಹತ್ತಿರ ಹೋಗಿ, ಅವಳ ಕೈ ಹಿಡಿದು ತನ್ನ ಕೊರಳ ಮೇಲಿಟ್ಟುಕೊಂಡಳು. ತಾಳಿ ಬೀಳುವ ಜಾಗ. ಅವ್ವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಷ್ಟ ಹೊತ್ತ ಏನ ಮಾತಾಡಿದ್ರಂತ ಕೇಳ" ಎಂದ ಮಾಮಾ.

ಕೇಳಿದೆ. "ಅದ ನಮ್ಮಿಬ್ಬರದು" ಎಂದಳು. ಮಾಮಾನಿಗೆ ಅಷ್ಟನ್ನೇ ಹೇಳಿದೆ.

ಎಲ್ಲರೂ ಒಳಗೆ ಹೋದರು. ಅಕ್ಕ ಮಾತ್ರ ಹೊಸ್ತಿಲ ಬಳಿ ನಿಂತು ಬಾಗಿಲಿನ ಚಿಲಕವನ್ನು ಮುಟ್ಟಿ ನೋಡುತ್ತಿದ್ದಳು. ಅವಳ ಮದುವೆಯ ಮಾತೂ ಅದೇ ಪಡಸಾಲೆಯಲ್ಲಿ, ತೆರೆದ ಬಾಗಿಲಲ್ಲಿ ಮುಗಿದಿತ್ತು. ಆಗ ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು.

ಅಕ್ಕನಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಬಾಯಿ ತುಂಬ ಮಾತೂ ಬರುತ್ತದೆ. ಅವಳನ್ನು ಕೇಳಿದವರು ಯಾರು?