ಮುನಿಯಣ್ಣನ ಮುಂದಿಟ್ಟ ಮುದ್ದೆ

ಹೆಬ್ಬಗೋಡಿಯ ಅಂಜಿನಮ್ಮನ ಬಾಯಿಗೆ ಹೆದರದವರು ನಮ್ಮ ಬೀದಿಯಲ್ಲಿ ಇರಲಿಲ್ಲ; ಅವಳ ಕೋಳಿ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನಾನೂ ಹೆದರುತ್ತಿದ್ದೆ. ಸುತ್ತಲಿನವರೆಲ್ಲ ಹೊಲದಲ್ಲಿ ಬಾಡಿಗೆ ಮನೆ ಎಬ್ಬಿಸಿ ಕಾಲು ಚಾಚಿ ಕೂತರೂ ಅವಳು ಒಂದೂವರೆ ಸಾವಿರ ಮೊಟ್ಟೆ ಕೋಳಿಗಳ ಶೆಡ್ಡು ಬಿಡಲಿಲ್ಲ. ಫೀಡು ಕಲೆಸುವುದು ಅವಳೇ. ಜೋಳದ ಮೂಟೆ ಬಿಚ್ಚಿದರೆ ಮೊದಲು ಮೊಣಕೈವರೆಗೆ ಕೈ ತೂರಿಸಿ ಬಿಸಿ ನೋಡುವಳು, ಆಮೇಲೆ ಒಂದು ಕಾಳು ಹಲ್ಲಿಗೆ ಹಾಕಿ ಕಡಿಯುವಳು. ಅವಳ ನಾಲಗೆ ಒಪ್ಪದ ಜೋಳ ಕೋಳಿಯ ಕೊಕ್ಕಿಗೆ ಸಿಗುತ್ತಿರಲಿಲ್ಲ.

2010ರ ಮಳೆಗಾಲದಲ್ಲಿ ಕಾಲು ಮುರಿದುಕೊಂಡು ಎರಡು ತಿಂಗಳು ಮಂಚ ಹಿಡಿದಳು. ಶೆಡ್ಡಿನ ಬೀಗದಕೈ ಮೈದುನ ಮುನಿಯಣ್ಣನ ಸೊಂಟ ಸೇರಿತು. ಆ ಮಹಾನುಭಾವ ಕೋಳಿ ಸಾಕಿದವನಲ್ಲ, ಸಾಕಿದವರಿಗೆ ಬುದ್ಧಿ ಹೇಳಿದವನು. ಮಳೆಗೆ ನೆಂದು ಬೂಷ್ಟು ಹಿಡಿದ ಮುಸುಕಿನ ಜೋಳ ಅಗ್ಗಕ್ಕೆ ಸಿಕ್ಕಿತೆಂದು ಒಂದು ಟೆಂಪೋ ತುಂಬ ಇಳಿಸಿದ. ತೊಳೆಸಿ ತಾರಸಿಯ ಮೇಲೆ ಒಣಗಿಸಿದ. ಹಸಿರು ಬೂಷ್ಟು ಮಾಯವಾಯಿತು. ಬೂಷ್ಟಿನ ವಿಷವನ್ನು ಕೋಳಿಯ ಹೊಟ್ಟೆಯಲ್ಲೇ ಹಿಡಿದು ಹಿಕ್ಕೆಯ ಜೊತೆ ಹೊರಹಾಕುವ ಪುಡಿಯೊಂದು ಬರುತ್ತದೆ, ಟಾಕ್ಸಿನ್ ಬೈಂಡರ್ ಅಂತ. ಟನ್ನಿಗೆ ಎರಡು ಕೇಜಿ ಎಂದು ಚೀಲದ ಮೇಲೇ ಬರೆದಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಓದಿ ಹೇಳಿದೆ. ಕೇಳದೆ ಟನ್ನಿಗೆ ಆರು ಕೇಜಿ ಸುರಿದ.

ಅಂಜಿನಮ್ಮ ಕೋಲೂರಿಕೊಂಡು ಶೆಡ್ಡಿಗೆ ಬರುವ ಹೊತ್ತಿಗೆ ಕೋಳಿಗಳ ಜುಟ್ಟು ಬಿಳಚಿಕೊಂಡಿತ್ತು, ಮೊಟ್ಟೆ ಅರ್ಧಕ್ಕಿಳಿದಿತ್ತು, ದಿನಾ ಇಪ್ಪತ್ತು ಸಾಯುತ್ತಿದ್ದವು. ಸತ್ತ ಒಂದನ್ನು ಕುಯ್ದಳು. ಲಿವರು ಹಳದಿಗೆ ತಿರುಗಿ ಬೆರಳಲ್ಲಿ ಪುಡಿಯಾಯಿತು. ಕರೆಸಿದ ಡಾಕ್ಟರು ನೋಡಿ, "ತೊಳೆದರೆ ಬೂಷ್ಟು ಹೋಗುತ್ತೆ ಅಮ್ಮ, ವಿಷ ಕಾಳಿನೊಳಗೇ ಉಳಿಯುತ್ತೆ. ಪುಡಿ ಸ್ವಲ್ಪ ಹಿಡಿಯುತ್ತೆ, ಇಷ್ಟನ್ನೆಲ್ಲ ಹಿಡಿಯಲ್ಲ. ಇವತ್ತೇ ಜೋಳ ಬದಲಾಯಿಸಿದರೆ ಉಳಿದವು ಉಳಿದಾವು" ಎಂದರು.

ಮುನಿಯಣ್ಣ ಬಗ್ಗಲಿಲ್ಲ. ಜಗಲಿಯ ಮೇಲೆ ಕೂತು, ಸೇರಿದ್ದವರ ಮುಂದೆ, "ಕೆಟ್ಟ ಜೋಳಕ್ಕೇ ಅಲ್ವಾ ಪುಡಿ ಇರೋದು? ಇನ್ನೆರಡು ಕೇಜಿ ಹಾಕಿದ್ರೆ ಸರಿಹೋಗ್ತದೆ ಅತ್ತಿಗೆ. ಎಬ್ಬೆಟ್ಟು ನೀನು, ನಿಂಗೇನು ಗೊತ್ತು?" ಅಂದ.

ಅವಳು ಒಳಗೆ ಹೋದಳು. ಅದೇ ಜೋಳ ಎರಡು ಬೊಗಸೆ ಮಿಕ್ಸಿಗೆ ಹಾಕಿ, ಪುಡಿ ಬೆರೆಸಿ, ಮುದ್ದೆ ಕಟ್ಟಿ, ಬಿಸಿ ಸಾರಿನ ಜೊತೆ ತಟ್ಟೆಯಲ್ಲಿ ತಂದು ಅವನ ಮುಂದಿಟ್ಟಳು.

"ತಿನ್ನಪ್ಪ. ನಿನ್ನ ಪುಡೀನ ಜಾಸ್ತೀನೇ ಆಕಿವ್ನಿ."

"ತಮಾಷೆ ಮಾಡ್ಬೇಡ ಅತ್ತಿಗೆ."

"ತಮಾಷೆ ಮಾಡಿದ್ದು ನೀನು ಕಣೋ! ಆ ಮೂಕಜೀವಗಳು ಬ್ಯಾಡ ಅನ್ನಕ್ಕಾಗ್ದೆ ತಿಂದ್ವು. ನಿಂಗೆ ಬಾಯೈತಲ್ಲ, ಬ್ಯಾಡ ಅಂತ ಏಳು!"

ಪಕ್ಕದ ಮನೆ ಆವಲಪ್ಪ, "ನೆಂಚ್ಕೊಳ್ಳೋಕೆ ಉಪ್ಪಿನಕಾಯಿ ತರ್ಲಾ ಮುನಿಯಣ್ಣ?" ಎಂದ. ಯಾರೋ ಕಿಸಕ್ಕೆಂದರು.

ಮುನಿಯಣ್ಣ ತಟ್ಟೆ ಮುಟ್ಟಲಿಲ್ಲ. ಬೀಗದಕೈ ಬಿಚ್ಚಿ ಅದರ ಪಕ್ಕಕ್ಕೆ ಬಿಸುಟು ಎದ್ದು ಹೋದ. ಮತ್ತೆ ಆ ಜಗಲಿ ಹತ್ತಲಿಲ್ಲ.

ಸಂಜೆಯೊಳಗೆ ಅಂಜಿನಮ್ಮ ಗುಂಡಿ ತೋಡಿಸಿ ಮಿಕ್ಕ ಜೋಳವನ್ನೆಲ್ಲ ಸುಣ್ಣ ಹಾಕಿ ಮುಚ್ಚಿಸಿದಳು. ಒಂಬೈನೂರು ಕೋಳಿ ಉಳಿದವು. ಆ ಪುಡಿಯನ್ನು ಅವಳು ಈಗಲೂ ಹಾಕುತ್ತಾಳೆ, ಕಡಿದು ನೋಡಿದ ಜೋಳಕ್ಕೆ ಮಾತ್ರ, ತಕ್ಕಡಿಯಲ್ಲಿ ತೂಗಿ.

ಅಂದು ಗುಂಡಿ ಮುಚ್ಚುವಾಗ ತಟ್ಟೆಯ ಮುದ್ದೆ ನೋಡಿ, "ನಾಯಿಗೆ ಹಾಕಮ್ಮ" ಎಂದಿದ್ದೆ.

"ನಾಯಿ ನಿಂಗೇನು ಮಾಡಿತ್ತು?" ಎಂದು ನನಗೂ ಉಗಿದು, ಮುದ್ದೆಯನ್ನು ಗುಂಡಿಗೆ ಎಸೆದಳು.