ಮಣ್ಣೆತ್ತಿಗೆ ನೀರು ಕುಡಿಸಿದ ಸಂಜೆ

ನಮ್ಮ ಪಡಸಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹೇಗೆ ಶುರುವಾಯಿತು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಹೇಳುವಾಗ ಎಲ್ಲವೂ ನಿಜವೆನಿಸಿದ್ದವು. ನಾನು ಓದಿದ್ದು ಇತಿಹಾಸದಲ್ಲಿ ಎಂ.ಎ. ಒಂದೇ ಸಾಕ್ಷಿಯನ್ನು ನಂಬಬಾರದು ಎಂದು ಅಲ್ಲಿ ಕಲಿಸಿದ್ದರು. ಆ ಒಂದೇ ಸಾಕ್ಷಿ ನಾವೇ ಆಗಿದ್ದರೆ ಏನು ಮಾಡಬೇಕು ಎಂಬುದು ಸಿಲೆಬಸ್ಸಿನಲ್ಲಿ ಇರಲಿಲ್ಲ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಮನೆ ಕೊಪ್ಪಳದಲ್ಲಿ. ಮನೆಯಲ್ಲಿ ನಾನು, ಕುಕನೂರಿನ ಶಾಲೆಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡ, ಮತ್ತು ಇರಕಲ್ಲಗಡದಲ್ಲಿ ಹುಟ್ಟಿ ಆ ಸಂಗತಿಯನ್ನು ಯಾರೂ ಮರೆಯದಂತೆ ನೋಡಿಕೊಂಡಿರುವ ಅತ್ತೆ. ಹಗಲಿನಲ್ಲಿ ನಾಲ್ಕೈದು ಮಕ್ಕಳು, ಎಲ್ಲರೂ ಶಾಲೆಯ ವಯಸ್ಸಿಗಿಂತ ಚಿಕ್ಕವರು. ಕೆಲಸಕ್ಕೆ ಹೋಗುವ ತಾಯಂದಿರು ಬಿಟ್ಟುಹೋಗುತ್ತಿದ್ದರು. ಅವರು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ. ಮಕ್ಕಳು ಅತ್ತೆಯನ್ನು ‘ಆಯಿ’ ಎನ್ನುತ್ತಿದ್ದರು. ನನ್ನನ್ನು ಏನೂ ಅನ್ನದೆ ಸೆರಗು ಜಗ್ಗುತ್ತಿದ್ದರು.

ಆಟಿಕೆಗಳಿಗೆ ದುಡ್ಡು ಹಾಕುವ ಮನಸ್ಸಿರಲಿಲ್ಲ. ಮೊಬೈಲಿನಲ್ಲಿ, ಮನೆಯಲ್ಲಿರುವ ಸಾಮಾನಿನಿಂದಲೇ ಮಕ್ಕಳಿಗೆ ಕೆಲಸ ಕೊಡುವುದು ಹೇಗೆಂದು ತೋರಿಸುವ ವಿಡಿಯೊಗಳಿದ್ದವು. ಅವುಗಳಲ್ಲಿ ಒಬ್ಬ ಹೆಂಗಸು ಬಿಳಿ ಜಮಖಾನದ ಮೇಲೆ ಕುಳಿತು ತುಂಬ ಮೆಲ್ಲಗೆ ಮಾತಾಡುತ್ತಿದ್ದಳು. ಅವಳ ಮನೆಯ ಮಕ್ಕಳು ಏನನ್ನೂ ಚೆಲ್ಲುತ್ತಿರಲಿಲ್ಲ. ನಾನು ತೊಗರಿ, ಹೆಸರು, ಅಲಸಂದಿ ಬೆರೆಸಿ ಪರಾತದಲ್ಲಿ ಹಾಕಿ, ಬೇರೆ ಬೇರೆ ಮಾಡಿ ಎಂದು ಮಕ್ಕಳ ಮುಂದೆ ಇಟ್ಟೆ. ಯಾರೂ ಮೂಗಿಗೆ ಹಾಕಿಕೊಳ್ಳದಂತೆ ಅತ್ತೆ ಕಾವಲು ಕುಳಿತರು. ಮಕ್ಕಳು ಇನ್ನಷ್ಟು ಚೆನ್ನಾಗಿ ಬೆರೆಸಿದರು. ಆ ತಿಂಗಳು ನಮ್ಮ ಮನೆಯ ಸಾರಿಗೆ ಹೆಸರಿಡಲು ಬರುತ್ತಿರಲಿಲ್ಲ. ಚರಿಗೆಯಿಂದ ಲೋಟಕ್ಕೆ ನೀರು ಸುರಿಯುವ ಆಟವನ್ನು ನಳದ ನೀರು ಬರುವ ದಿನ ಮಾತ್ರ ಆಡಿಸುತ್ತಿದ್ದೆ. ಲೋಟದ ನೀರನ್ನು ತುಳಸಿಗೆ ಹಾಕುವುದು ಕಡ್ಡಾಯ. ತುಳಸಿ ಕೊಳೆಯಿತು. ಜೋಡಿ ಹುಡುಕುವ ಆಟಕ್ಕೆ ಕಾಲುಚೀಲ ಬೇಕೆಂದು ವಿಡಿಯೊದ ಹೆಂಗಸು ಹೇಳಿದ್ದಳು. ನಮ್ಮಲ್ಲಿ ಕಾಲುಚೀಲ ಹಾಕುವವರು ನನ್ನ ಗಂಡ ಒಬ್ಬರೇ, ಎಲ್ಲವೂ ಕಪ್ಪು. ಮಕ್ಕಳು ಯಾವುದಕ್ಕೆ ಯಾವುದನ್ನು ಜೋಡಿಸಿದರೂ ಸರಿಯೇ. ಎಲ್ಲರ ಆತ್ಮವಿಶ್ವಾಸವೂ ಹೆಚ್ಚಿತು.

ಆ ಹುಡುಗಿ ಬಂದದ್ದು ಬೇಸಿಗೆ ಮುಗಿಯುವಾಗ. ಮೂರು ವರ್ಷ ಇನ್ನೂ ತುಂಬಿರಲಿಲ್ಲ. ತಾಯಿ ಕುಷ್ಟಗಿ ಬಸ್ಸಿನ ಕಂಡಕ್ಟರ್, ತಂದೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ. ತಾಯಿಯ ಖಾಕಿ ಅಂಗಿ ಓಣಿಯ ತಿರುವಿನಲ್ಲಿ ಮರೆಯಾದ ಕೂಡಲೇ ಹುಡುಗಿ ಅಳಲು ಶುರು ಮಾಡುತ್ತಿದ್ದಳು. ಅದು ಹಟದ ಅಳು ಅಲ್ಲ, ಕೆಲಸದಂಥ ಅಳು. ಊಟಕ್ಕೆ ನಿಲ್ಲಿಸುತ್ತಿದ್ದಳು, ಕೈ ತೊಳೆದು ಮುಂದುವರಿಸುತ್ತಿದ್ದಳು.

ನನಗೊಂದು ಉಪಾಯ ಹೊಳೆಯಿತು. ಹಳೆಯ ಪೇಪರನ್ನು ಟಿಕೆಟ್ಟಿನಂತೆ ಕತ್ತರಿಸಿ, ಹೆಗಲಿಗೆ ಚೀಲ ಹಾಕಿ, “ಈಗ ನೀನ ಕಂಡಕ್ಟರ್, ಟಿಕೆಟ್ ಕೊಡು” ಎಂದೆ. ತಾಯಿಯನ್ನು ಮರೆಸಲು ತಾಯಿಯ ವೇಷವನ್ನೇ ಮಗುವಿಗೆ ಹಾಕಿದ ನನ್ನ ಬುದ್ಧಿಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅವತ್ತು ಹುಡುಗಿ ಅಳುವುದನ್ನು ಊಟಕ್ಕೂ ನಿಲ್ಲಿಸಲಿಲ್ಲ.

ಒಂದು ಸಂಜೆ ತಾಯಿ ಮಗಳನ್ನು ಎತ್ತಿಕೊಂಡು ಹೊಸ್ತಿಲಲ್ಲೇ ನಿಂತಳು.

“ಅಕ್ಕಾರ, ಬೇವೂರಾಗ ನಮ್ಮತ್ತಿಗೆ ಯಾರೋ ಹೇಳ್ಯಾರ, ಕೂಸು ದಿನಾ ಅಳತೈತಿ ಅಂತ. ಮಣ್ಣೆತ್ತಿನ ಅಮಾಸಿಗೆ ಬಂದು ನೋಡ್ತಾರಂತ. ಅವತ್ತೂ ಅತ್ರ ಊರಿಗೆ ಒಯ್ತೀನಿ ಅಂದಾರ.”

“ಒಯ್ದು ಎಷ್ಟ ದಿನ ಇಟ್ಕೊತಾರ?”

“ಸಾಲಿಗೆ ಹಾಕೂತನಾ. ನಾ ರಜಾ ಸಿಕ್ಕಾಗ ಹೋಗಿ ನೋಡಬೇಕ್ರಿ. ರಜಾ ಯಾವಾಗ ಸಿಗತೈತಿ, ನಿಮಗ ಗೊತ್ತಿಲ್ಲೇನು?” ಎಂದು ನಕ್ಕಳು. ನಗು ಎಂದೇ ನೆನಪು.

ಅಮಾವಾಸ್ಯೆಗೆ ಸ್ವಲ್ಪ ದಿನ ಮೊದಲು ಅತ್ತೆ ತಮ್ಮ ತವರಿನಿಂದ ಒಂದು ಬುಟ್ಟಿ ಮಣ್ಣು ತರಿಸಿದರು. ಮುಂಗಾರು ಬಿತ್ತನೆಯ ಹೊತ್ತಿಗೆ ಬರುವ ಈ ಅಮಾವಾಸ್ಯೆಗೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಅತ್ತೆ ಮಣ್ಣು ನಾದಿ, ಹಸಿ ಗೋಣಿ ಮುಚ್ಚಿ, ಮಕ್ಕಳಿಗೆ ಒಂದೊಂದು ಮುದ್ದೆ ಕೊಟ್ಟರು. ಯಾವ ವಿಡಿಯೊ ನೋಡಿಯೂ ಅಲ್ಲ, ಕಾಲಿನ ಬಳಿ ಸುಳಿಯದಿರಲಿ ಎಂದು. ಹುಡುಗಿಯೂ ಒಂದು ಮುದ್ದೆ ತೆಗೆದುಕೊಂಡಳು. ಕಸಬರಿಗೆ ಕಡ್ಡಿ ಮುರಿದು ಕೊಂಬು, ಜೋಳದ ಕಾಳು ಒತ್ತಿ ಕಣ್ಣು. ನಾಲ್ಕು ವರ್ಷದ ಹುಡುಗನೊಬ್ಬ, ನಮ್ಮ ಮಕ್ಕಳಲ್ಲೆಲ್ಲ ಹಿರಿಯ, ಬಂದು ಪರೀಕ್ಷಿಸಿದ.

“ಆಯಿ, ಈಕಿ ಎತ್ತು ಹಂದಿ ಆಗೇತಿ ನೋಡ್ರಿ.”

“ನಿಂದರ ಏನ್ ಛಲೋ ಆಗೇತೋ? ಮೂರ ಕಾಲ ಅದಾವು,” ಎಂದರು ಅತ್ತೆ.

ಹುಡುಗಿ ಅಳುತ್ತಿರಲಿಲ್ಲ. ಅದನ್ನು ನಾವು ಬಹಳ ಹೊತ್ತಿನ ಮೇಲೆ ಗಮನಿಸಿದೆವು. ಗಮನಿಸಿದ ಮೇಲೆ ಇಬ್ಬರೂ ಉಸಿರು ಬಿಗಿಹಿಡಿದು ಅಡುಗೆಮನೆಗೆ ಹೋದೆವು.

ಮಣ್ಣು ಒಂದೇ ಬುಟ್ಟಿ ಇದ್ದುದರಿಂದ ನಾನೊಂದು ಪದ್ಧತಿ ಮಾಡಿದ್ದೆ. ಸಂಜೆ ಮನೆಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಎತ್ತನ್ನು ನೀರಿನ ಬಕೆಟ್ಟಿನಲ್ಲಿ ಹಾಕಬೇಕು. ಅದು ಕರಗಿ ಕೆಸರಾಗುತ್ತದೆ, ಮೇಲಿನ ನೀರು ಬಸಿದರೆ ಮರುದಿನಕ್ಕೆ ಅದೇ ಮಣ್ಣು. ಈ ಪದ್ಧತಿಯಿಂದ ಹುಡುಗಿ ಬೇರೆಯದೇ ಅರ್ಥ ತೆಗೆದಳು. ದಿನಾ ಅವಳು ಎತ್ತನ್ನು ನೀರಿಗೆ ಬಿಡುವ ಹೊತ್ತಿಗೂ ತಾಯಿ ಬಾಗಿಲಿಗೆ ಬರುವ ಹೊತ್ತಿಗೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಎತ್ತು ಮುಳುಗಿದರೆ ಅವ್ವ ಬರುತ್ತಾಳೆ. ಒಂದು ಮಧ್ಯಾಹ್ನ ಊಟವಾದ ಕೂಡಲೇ ಎತ್ತನ್ನು ಬಕೆಟ್ಟಿಗೆ ಹಾಕಿ ಬಾಗಿಲಲ್ಲಿ ಹೋಗಿ ಕುಳಿತಳು. ತಾಯಿ ಬರಲಿಲ್ಲ. ಹುಡುಗಿ ಬಂದು ಬಕೆಟ್ಟಿನಲ್ಲಿ ಕೈಯಾಡಿಸಿ, ಸರಿಯಾಗಿ ಕರಗಿದೆಯೋ ಇಲ್ಲವೋ ನೋಡಿ, ಮತ್ತೆ ಮಣ್ಣು ಕೇಳಿ ಇನ್ನೊಂದು ಎತ್ತು ಮಾಡಿದಳು. ಅದನ್ನು ಸಂಜೆ ಬಿಟ್ಟಳು. ತಾಯಿ ಬಂದಳು. ಕಾರಣ ಮತ್ತು ಪರಿಣಾಮದ ಬಗ್ಗೆ ನಾನು ಬರೆದ ಪರೀಕ್ಷೆಗಳಲ್ಲಿ ಇದಕ್ಕಿಂತ ದುರ್ಬಲ ವಾದಗಳಿಗೆ ಅಂಕ ಸಿಕ್ಕಿದೆ.

ಅಮಾವಾಸ್ಯೆಯ ದಿನ ಬಸ್ಸಿಗೆ ರಜೆ ಇಲ್ಲ, ಗುಡಿಗೆ ಹೋಗುವವರ ಗದ್ದಲ ಇನ್ನೂ ಹೆಚ್ಚು. ಹುಡುಗಿ ಬೆಳಿಗ್ಗೆ ಬಂದು ತನ್ನ ಎತ್ತು ಮಾಡಿದಳು. ಅತ್ತೆ ತಮ್ಮ ಎತ್ತುಗಳ ಜೊತೆಗೆ ಮಕ್ಕಳವನ್ನೂ ಜೋಡಿ ಜೋಡಿಯಾಗಿ ದೇವರ ಜಗಲಿಯ ಮೇಲೆ ಇಟ್ಟು, ಮುಂದೆ ಮಣ್ಣಿನದೇ ಮೇವಿನ ಗೋದಲಿ ಮಾಡಿ, ಅರಿಸಿನ ಕುಂಕುಮ ಹಚ್ಚಿ, ಹೋಳಿಗೆ ಎಡೆ ಹಿಡಿದರು. ಹುಡುಗಿಯ ಎತ್ತಿಗೆ ಜೋಡಿ ಸಿಕ್ಕದ್ದು ಮೂರು ಕಾಲಿನದು. ಫೋಟೊ ತೆಗೆದು ಎಲ್ಲ ತಾಯಂದಿರಿಗೆ ಕಳಿಸಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಸಂಜೆಯ ವಿಚಾರ ನನ್ನ ತಲೆಗೆ ಬರಲೇ ಇಲ್ಲ.

ಬೇವೂರಿನ ಅಜ್ಜಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಎತ್ತರದ ಹೆಂಗಸು, ಕೈಯಲ್ಲಿ ಬುತ್ತಿಯ ಗಂಟು. ಚಹಾ ಕುಡಿಯುತ್ತ ಮೊಮ್ಮಗಳನ್ನೇ ನೋಡುತ್ತಿದ್ದರು. ಮೊಮ್ಮಗಳು ಕಾಲುಚೀಲ ಜೋಡಿಸುತ್ತಿದ್ದಳು.

“ಅಳಾಂಗಿಲ್ಲಲ್ಲ,” ಎಂದರು ಅಜ್ಜಿ, ಸ್ವಲ್ಪ ನಿರಾಸೆಯಿಂದ. ನಿರಾಸೆ ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಅಷ್ಟರಲ್ಲಿ ಎತ್ತು ನೀರಿಗೆ ಬಿಡುವ ಹೊತ್ತಾಯಿತು. ಹುಡುಗಿ ಎದ್ದು ಜಗಲಿಯ ಮುಂದೆ ನಿಂತು ಕೈ ಚಾಚಿದಳು. “ನನ್ನೆತ್ತು.”

“ಇವತ್ತ ಬ್ಯಾಡವ್ವಾ, ದೇವರಾಗೇತಿ ಅದು. ನಾಳಿ ಎಲ್ಲಾರೂ ಹಳ್ಳಕ್ಕ ಬಿಡೂಣು,” ಎಂದರು ಅತ್ತೆ.

ಹುಡುಗಿ ಬಕೆಟ್ ನೋಡಿದಳು, ಬಾಗಿಲು ನೋಡಿದಳು. ನಾಳೆಯವರೆಗೆ ಅವ್ವ ಬರುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಯಿತು. ಬಾಯಿ ತೆರೆದಳು. ಇಷ್ಟು ದಿನದ ಬಾಕಿಯೆಲ್ಲ ಒಟ್ಟಿಗೆ ಬಂತು.

ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟರು. “ಇದಕ್ಕಾ ನೋಡ್ರಿ, ನಾ ಬಂದದ್ದು.”

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ದೇವರ ಮುಖ ನೋಡಿದರು. “ಪೂಜಾ ಆದದ್ದನ್ನ ತೆಗಿಯಾಕ ಬರೂದಿಲ್ರಿ. ನಮ್ಮ ಇರಕಲ್ಲಗಡದಾಗ ಹಂಗ ಪದ್ಧತಿ ಇಲ್ಲ.”

“ತಗೊಂಡು ಏನ್ ಮಾಡ್ತೈತಿ ಕೂಸು?” ಎಂದರು ಅಜ್ಜಿ.

ಮೂರು ಕಾಲಿನ ಎತ್ತಿನ ಮಾಲೀಕ ಉತ್ತರಿಸಿದ: “ಬಕೇಟಿನ್ಯಾಗ ಹಾಕ್ತಾಳ್ರಿ. ಹಾಕಿದ್ರ ಅವರವ್ವ ಬರ್ತಾಳಂತ.”

ಅಜ್ಜಿ ಎದ್ದು ಜಗಲಿಯ ಹತ್ತಿರ ಹೋಗಿ ಎತ್ತುಗಳನ್ನು, ಸಂತೆಯಲ್ಲಿ ನೋಡುವ ಹಾಗೆ, ಬಗ್ಗಿ ನೋಡಿದರು.

“ಇವಕ್ಕ ಮುಂಜಾನಿಂದ ನೀರ ಕುಡಿಸೀರೇನು?”

“ಮಣ್ಣಿನ ಎತ್ತಿಗೆ ನೀರೇನ್ರಿ?” ಎಂದರು ಅತ್ತೆ.

“ಹೋಳಿಗಿ ತಿನಿಸೀರಿ. ನೀರ ಕುಡಿಸಾಕ ಏನ್ ಧಾಡಿ? ಬೇವೂರಾಗ ನಾವು ಮೇವು ಹಾಕಿದ ಮ್ಯಾಲ ನೀರ ತೋರಸ್ತೀವಿ. ಇರಕಲ್ಲಗಡದಾಗ ಹೆಂಗೋ, ನನಗ ಗೊತ್ತಿಲ್ಲ.”

ಇದು ಅತ್ತೆಗೆ ತಾಗಿತು. “ನಮ್ಮೂರಾಗೂ ಕುಡಸ್ತಾರ್ರಿ. ನಾವೇನ್ ಎತ್ತು ಕಾಣದವ್ರಾ?”

“ಹಂಗಾದ್ರ ಕುಡಸ್ರಿ.”

ಅತ್ತೆ ಬಹಳ ಯೋಚಿಸಿದರು. ಕೊನೆಗೆ, ಒಂದೇ ಎತ್ತನ್ನು ಬಿಚ್ಚಿ ಒಯ್ಯುವುದು ಸರಿಯಲ್ಲ, ಒಯ್ದರೆ ಜೋಡಿಯನ್ನೇ ಒಯ್ಯಬೇಕು ಎಂದರು. ಹಿರಿಯ ಹುಡುಗ ತನ್ನ ಎತ್ತಿಗೆ ನೀರಡಿಕೆಯಾಗಿಲ್ಲ ಎಂದ. ಅವನ ಮಾತನ್ನು ಯಾರೂ ಕೇಳಲಿಲ್ಲ. ಅತ್ತೆ ಕೈಮುಗಿದು ಎರಡೂ ಎತ್ತುಗಳನ್ನು ಇಳಿಸಿದರು. ಅಜ್ಜಿ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೊಮ್ಮಗಳ ಕೈಗೆ ಅವಳ ಎತ್ತು ಕೊಟ್ಟರು. ನೀರು ಕುಡಿಯುವಾಗ ಎತ್ತು ಕಾಲು ಜಾರಿ ಬಿದ್ದರೆ ಅದು ಯಾರ ತಪ್ಪೂ ಅಲ್ಲ ಎಂದು ಇಬ್ಬರು ಹಿರಿಯರೂ ಬಾಯಿ ಬಿಟ್ಟು ಹೇಳದೆ ಒಪ್ಪಿಕೊಂಡಂತಿತ್ತು. ಎತ್ತು ಜಾರಿತು. ಗುಳ್ಳೆ ಬಂದವು. ಕಡ್ಡಿಯ ಕೊಂಬು ಒಂದು ಮೇಲೆ ತೇಲಿತು.

ಆಗ ತಾಯಿ ಬಂದಳು ಎಂದು ನನ್ನ ನೆನಪು. ಗುಳ್ಳೆ ಇನ್ನೂ ಒಡೆಯುತ್ತಿರುವಾಗಲೇ ಹೊಸ್ತಿಲಲ್ಲಿ ಖಾಕಿ ಅಂಗಿ. ಆದರೆ ಇಷ್ಟು ಚೆನ್ನಾಗಿ ಹೊಂದುವ ನೆನಪಿನ ಮೇಲೆ ನನಗೆ ಅನುಮಾನ. ಅತ್ತೆಯ ಪ್ರಕಾರ, ಅಜ್ಜಿ ಇನ್ನೊಂದು ಚಹಾ ಕುಡಿದ ಮೇಲೆ ಅವಳು ಬಂದದ್ದು. ತಾಯಿಯನ್ನು ಕೇಳಿದರೆ, “ನನ್ನ ಬಸ್ಸು ದಿನಾ ಬರೂ ಟೈಮಿಗೇ ಬಂದಿತ್ರಿ” ಎನ್ನುತ್ತಾಳೆ. ಅವತ್ತಿನ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ‘ಅಮಾವಾಸ್ಯೆ. ಹೋಳಿಗೆ. ಸಾಬೂನು ತರಬೇಕು.’

ತಾಯಿ ಮೊದಲು ನೋಡಿದ್ದು ಮಗಳ ಒದ್ದೆ ಕೆನ್ನೆಯನ್ನು, ಆಮೇಲೆ ತನ್ನ ಅತ್ತೆಯನ್ನು. ಹೆಗಲಿನ ಚೀಲ ಇಳಿಸದೆ ನಿಂತೇ ಇದ್ದಳು. “ಅತ್ತಾಳೇನ್ರಿ?” ಎಂದಳು.

“ಹೂಂ, ಅತ್ತಾಳ,” ಎಂದರು ಅಜ್ಜಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ನಿನ್ನ ಸಲುವಾಗಿ ಅಲ್ಲವಾ. ಎತ್ತಿನ ಸಲುವಾಗಿ. ಎತ್ತಿಗೆ ನೀರ ಕುಡಿಸಿಲ್ಲ ಅಂತ ಅತ್ಲು. ಒಕ್ಕಲುತನದವ್ರ ಕೂಸು, ಅಳಬಾರದೇನು?”

ಹುಡುಗ ಹೇಳಿದ್ದು ಅಜ್ಜಿಗೆ ಕೇಳಿಸಿತ್ತು. ಅದೊಂದಕ್ಕೆ ನಾನು ಪೂರ್ತಿ ಸಾಕ್ಷಿ.

“ಹಂಗಾದ್ರ ಊರಿಗೆ…” ಎಂದಳು ತಾಯಿ.

“ಊರಿಗೆ ಯಾಕ? ಇಲ್ಲೇ ಇರಲಿ ತಗೋ.” ಅಜ್ಜಿ ಬಕೆಟ್ಟಿನೊಳಗೆ ಬೆರಳಾಡಿಸಿ ಅತ್ತೆಯ ಕಡೆ ತಿರುಗಿದರು. “ಮಣ್ಣ ಮಾತ್ರ ಸುಮಾರ ಐತ್ರಿ, ಬರೇ ಮರಳು. ನಾ ಕಳಸ್ತೀನಿ ತಗೋರಿ.”

ಅತ್ತೆ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ವಾರ ಬೇವೂರಿನ ಎರೆಮಣ್ಣಿನ ಚೀಲ ಬಂತು. ತಾಯಿಯೇ ಬಸ್ ನಿಲ್ದಾಣದಿಂದ ಆಟೊದಲ್ಲಿ ತಂದು ಇಳಿಸಿದಳು. ಬಸ್ಸಿನಲ್ಲಿ ಅದಕ್ಕೆ ಲಗೇಜ್ ಟಿಕೆಟ್ ಹರಿದಿದ್ದಾಗಿ ಎರಡು ಸಲ ಹೇಳಿದಳು. ಮಗಳು ಚೀಲದ ಪಕ್ಕ ನಿಂತಳು. ತಾಯಿ ಹೋದಳು. ಹುಡುಗಿ ಓಣಿಯ ತಿರುವನ್ನು ಒಮ್ಮೆ ನೋಡಿ, ಒಳಗೆ ಹೋಗಿ, ನಾನು ಎಂದೋ ಕತ್ತರಿಸಿಟ್ಟು ಮರೆತಿದ್ದ ಪೇಪರಿನ ಟಿಕೆಟ್ಟುಗಳನ್ನು ಡಬ್ಬಿಯಿಂದ ತೆಗೆದುಕೊಂಡು ಬಂದಳು.

“ನಮ್ಮ ಹೊಲದ ಮಣ್ಣಿದು. ಟಿಕೆಟ್ ತಗೋರಿ.”

ಮಕ್ಕಳು ಸಾಲು ನಿಂತರು. ಮೂರು ಕಾಲಿನ ಎತ್ತಿನ ಮಾಲೀಕ ಚಿಲ್ಲರೆ ಇಲ್ಲವೆಂದ. ಅವನನ್ನು ಹಿಂದಕ್ಕೆ ಕಳಿಸಿದಳು. ನಾನು ಒಂದು ತೆಗೆದುಕೊಂಡೆ. ಅತ್ತೆ ಮಾತ್ರ, ತಮ್ಮ ಮನೆಯಲ್ಲಿ ತಮಗೆಂಥ ಟಿಕೆಟ್ ಎಂದು ನೇರವಾಗಿ ಚೀಲಕ್ಕೆ ಕೈ ಹಾಕಿದರು.

“ಆಯಿ,” ಎಂದಳು ಹುಡುಗಿ, “ಇಳೀರಿ ಕೆಳಗ.”

ಅತ್ತೆ ಪಡಸಾಲೆಯ ಕಟ್ಟೆಯಿಂದ ಇಳಿದು ಅಂಗಳದಲ್ಲಿ ನಿಂತರು.