ರೂತಮ್ಮನ ಔರಾದ ನೌಕರಿ

ಭಾಲ್ಕಿ ಸ್ಟೇಷನ್ನಿನಲ್ಲಿ ಸಾಲಿಯ ಥಾಮಸ ಮಾಸ್ತರರು ಒಂದೇ ಬಡಿಗೆಯಿಂದ ನಿಜಾಮನ ಕಡೆಯ ಹದಿನೇಳು ಮಂದಿ ರಜಾಕಾರರನ್ನು ಅಟ್ಟಿದ್ದರು. ಅವರ ಬಾಯಲ್ಲಿ ಬೆಳಗಿನ ಚಹಾಕ್ಕೆ ಹದಿನೇಳಿದ್ದದ್ದು ಸಂಜೆಯ ಚಹಾಕ್ಕೆ ನಲವತ್ತಾಗುತ್ತಿತ್ತು. ಬಡಿಗೆ ಬೀಸಿದ ಸದ್ದಿಗೆ ಪರಳಿಯ ರೈಲುಗಾಡಿಯೇ ಬೆದರಿ ಹಿಂದಕ್ಕೆ ಓಡಿತೆಂಬುದು ಅವರಿದ್ದ ಚಿದ್ರಿಯ ತೊಟ್ಟಿಲ ಕೂಸಿಗೂ ಗೊತ್ತಿತ್ತು. ಹೆಂಡತಿ ರೂತಮ್ಮ ಇಪ್ಪತ್ತು ವರ್ಷದಿಂದ ಬೀದರಿನಲ್ಲಿ ನರ್ಸು. ಅಷ್ಟು ಮಂದಿ ಬಡಿಸಿಕೊಂಡಿದ್ದರೆ ಒಬ್ಬನಾದರೂ ಪಟ್ಟಿ ಕಟ್ಟಿಸಿಕೊಳ್ಳಲು ಬರಬೇಕಿತ್ತಲ್ಲ ಎಂದು ಆಕೆಗೆ ಅನಿಸುತ್ತಿತ್ತು. ಆದರೆ ಬಾಯಿ ಬಿಟ್ಟಿರಲಿಲ್ಲ.

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದ ಮೂರು ವಾರಕ್ಕೆ ಔರಾದದ ಡಾಕ್ಟರರಿಂದ ಚೀಟಿ ಬಂತು. ಅಲ್ಲಿದ್ದ ನರ್ಸು ಜೀವ ಉಳಿಸಿಕೊಂಡು ಓಡಿದ್ದಳು. ಗಾಯದವರು ದವಾಖಾನೆಯ ಜಗಲಿಯ ಮೇಲೆ ಹೆಣದಂತೆ ಸಾಲಾಗಿ ಬಿದ್ದಿದ್ದರು. ಇರಲು ಮನೆ ಸಿಗದು, ಇದ್ದವುಗಳಲ್ಲಿ ಅರ್ಧ ಸುಟ್ಟಿದ್ದವು. ಬೀದರಿನಿಂದ ನಸುಕಿನ ಮೋಟಾರು ಹತ್ತಿ ಹೋಗಿ, ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರಬೇಕು, ದಿನಾಲೂ. ಒಮ್ಮೆ ಬಂದು ನೋಡಿ, ಮರುದಿನ ಹೂಂ ಅನ್ನಿ ಇಲ್ಲವೇ ಒಲ್ಲೆ ಅನ್ನಿ ಎಂದು ಬರೆದಿದ್ದರು.

"ನೋಡಿ ಬರ್ತೇನಿ," ಎಂದಳು ರೂತಮ್ಮ.

"ಒಬ್ಬಾಕಿ ಹ್ಯಾಂಗ ಹೋಗ್ತಿ? ನಾ ಇದ್ದೇನಲ್ಲ," ಎಂದು ಮಾಸ್ತರರು ಬಡಿಗೆ ತೆಗೆದುಕೊಂಡರು.

ಆ ಮೋಟಾರಿನ ಓಟ ಎಂಥದೆಂದರೆ, ಅದರ ಹಿಂದೆ ಹೊರಟ ಕುರಿಹಿಂಡು ಮುಂದೆ ಹೋಗಿ, ಮರಿ ಹಾಕಿ, ಮೋಟಾರಿನ ದಾರಿ ಕಾಯುತ್ತಿತ್ತು. ಈ ದಾರಿಯ ಮೂವರು ಡ್ರೈವರರಲ್ಲಿ ಇಬ್ಬರು ಸತ್ತು, ಉಳಿದವನು ಮಕ್ಸೂದ ಒಬ್ಬನೇ. ಇಂಜಿನ್ನಿಗೆಂದು ಅವನು ಬೀದರಿನಿಂದಲೇ ಎರಡು ಡಬ್ಬಿ ನೀರು ತುಂಬಿಕೊಂಡಿದ್ದ.

"ದಾರ್ಯಾಗ ಬಾವಿ ಇಲ್ಲೇನಪಾ?"

"ಅದಾವ್ರಿ, ನರ್ಸಬಾಯಿ. ಎಲ್ಲಾ ತುಂಬ್ಯಾವ." ಗೇರು ಬದಲಿಸಿ ಸೇರಿಸಿದ, "ನೀರಿಂದಲ್ಲ."

ಹೊಲದ ಬಾವಿಗಳ ಮೇಲೆ ಹದ್ದು ಸುತ್ತುವುದನ್ನು ಕಂಡು ರೂತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಔರಾದದಲ್ಲಿ ಚಪ್ಪಲಿ ಬಿಡುವ ಮೊದಲೇ ಕೆಲಸ ಕೈಗೆ ಬಂತು. ಸೀಳಿದ ತಲೆ, ಬರೀ ತೊಗಲಿಗೆ ಜೋತ ಕೈ. ಮಧ್ಯಾಹ್ನದೊಳಗೆ ಆಕೆಯ ಬಿಳಿ ಸೀರೆಯ ಬಣ್ಣ ಯಾವುದೆಂದು ಹೇಳಬರುತ್ತಿರಲಿಲ್ಲ. ಇಲ್ಲಿ ನರ್ಸು ಬೇಕೇ ಬೇಕು, ಅದು ಖರೆ. ಆದರೆ ಆ ಬಾವಿಗಳ ದಾರಿ, ದಿನಕ್ಕೆ ಎರಡು ಸಲ?

ಹೊರಡುವ ಹೊತ್ತಿಗೆ ಕುರುಬರ ಹಣಮಂತಪ್ಪನನ್ನು ಹೊತ್ತು ತಂದರು. ಕುರಿ ಲೂಟಿಗೆ ಬಂದವರು ಅವನ ಹೊಟ್ಟೆ ಸೀಳಿದ್ದರು. ಹೊಲಿಗೆಗೆ ಬೀದರಿಗೇ ಒಯ್ಯಬೇಕು. ಡ್ರೈವರನ ಹಿಂದಿನ ಸೀಟಿನ ಮೇಲೆ ಮಲಗಿಸಿ, ಕರುಳಿನ ಮೇಲೆ ಒದ್ದೆ ಅರಿವೆ ಹಾಕಿ, ರೂತಮ್ಮ ಬಲಗೈ ಒತ್ತಿಕೊಂಡು ಕೂತಳು.

ಹಳ್ಳದ ತಿರುವಿನಲ್ಲಿ ದಾರಿಗೆ ಕಲ್ಲು ಅಡ್ಡವಿದ್ದವು. ಇಪ್ಪತ್ತು ಮಂದಿ, ಕೈಯಲ್ಲಿ ಕೊಡಲಿ, ಕುಡುಗೋಲು. ಹೆಸರು ಕೇಳಿದ್ದೇ ಮಕ್ಸೂದನನ್ನು ಕೊರಳಪಟ್ಟಿ ಹಿಡಿದು ಎಳೆದರು. ರೂತಮ್ಮ ಗಂಡನ ಕಡೆ ತಿರುಗಿದಳು. ಹೊತ್ತು ಸಂಜೆಯದೇ, ನಲವತ್ತು ಮಂದಿಯನ್ನು ಅಟ್ಟುವ ಹೊತ್ತು. ಸೀಟಿನ ಮೇಲೆ ಬಡಿಗೆ ಒಂದೇ ಕೂತಿತ್ತು. ಸೀಟಿನ ಕೆಳಗೆ ಮಾಸ್ತರರ ಎರಡು ಅಂಗಾಲು ಕಾಣುತ್ತಿದ್ದವು.

"ನೀ ಯಾರಾಕಿ? ಹಣಿಮ್ಯಾಲ ಕುಂಕುಮಿಲ್ಲ," ಎಂದ ಕೊಡಲಿಯವನು. ಹಿಂದಿನ ತಿಂಗಳು ಇದನ್ನೇ ಕೇಳಿದ ರಜಾಕಾರರ ಕೈಯಲ್ಲಿ ಬಂದೂಕಿತ್ತು.

"ನರ್ಸ."

"ಜಾತಿ ಯಾವದು?"

"ಕೈ ತೆಗದು ತೋರಸ್ಲೇನು? ತೆಗದ್ರ ಈ ಕುರುಬನ ಕರುಳು ನಿನ್ನ ಕಾಲಾಗ ಬೀಳ್ತಾವ."

ಅವನು ಒಂದು ಹೆಜ್ಜೆ ಹಿಂದೆ ಸರಿದು ಮಕ್ಸೂದನ ಮೇಲೆ ಕೊಡಲಿ ಎತ್ತಿದ.

"ಕಡೀರಪಾ," ಎಂದಳು ರೂತಮ್ಮ. "ಕಡದು ನಿಮ್ಮಾಗ ಒಬ್ಬ ಬಂದು ಮೋಟಾರ ನಡಸ್ರಿ. ನಡಸಲಾಕ ಬರಂಗಿಲ್ಲಂದ್ರ ಹಣಮಂತಪ್ಪನ ಹೇಣ್ತಿಗಿ ನೀವಾ ಹೋಗಿ ಹೇಳ್ರಿ, ನಿನ್ನ ಗಂಡ ಬದುಕ್ತಿದ್ದ, ನಾವಾ ಕೊಂದ್ವಿ ಅಂತ."

ಹಿಂದೆ ನಿಂತ ಒಬ್ಬ ಮುದುಕ "ಬಿಡಲೇ" ಎಂದ. ಆದರೆ ಎತ್ತಿದ ಕೊಡಲಿ ಬರಿದೇ ಇಳಿಯಲೊಲ್ಲದು. ಅದು ಮಕ್ಸೂದನ ಎಡಗಿವಿ ಕತ್ತರಿಸಿಕೊಂಡು ಇಳಿಯಿತು. ಆಮೇಲೆ ಕಲ್ಲು ಸರಿಸಿದರು.

ಮಕ್ಸೂದ ಹಾಗೆಯೇ ಹತ್ತಿ ಕೂತ. ರೂತಮ್ಮನ ಬಲಗೈ ಹಣಮಂತಪ್ಪನ ಹೊಟ್ಟೆಯ ಮೇಲೆ, ಎಡಗೈ ಡ್ರೈವರನ ಕಿವಿಯ ತೂತಿನ ಮೇಲೆ. ಅಂದು ಆ ಮೋಟಾರು ಓಡಿದ ಓಟಕ್ಕೆ ಮಾಂಜ್ರಾ ಹೊಳೆಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಬೀದರಿನಲ್ಲಿ ಹಣಮಂತಪ್ಪನ ಹೊಲಿಗೆಯಾಯಿತು, ಬದುಕಿದ. ತಲೆಗೆ ಪಟ್ಟಿ ಕಟ್ಟಿಸಿಕೊಂಡ ಮಕ್ಸೂದ, "ನೀವು ಬರ್ತೀರಿ ಅಂದ್ರ ನಾಳಿ ಮೋಟಾರ ಬಿಡ್ತೇನ್ರಿ, ನರ್ಸಬಾಯಿ. ಇಲ್ಲಂದ್ರ ಇಲ್ಲ," ಎಂದು ಹೋದ.

ಮನೆಯಲ್ಲಿ ರೂತಮ್ಮ ಮೂರನೆಯ ಕೊಡ ನೀರಿಗೂ ಕೈ ತೊಳೆಯುತ್ತಲೇ ಇದ್ದಳು. ಮಾಸ್ತರರು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಒಲ್ಲೆ ಅಂತ ಬರದಬಿಡು. ಇಷ್ಟು ದೂರದ ನೌಕರಿ ಹೆಣಮಕ್ಕಳಿಗಲ್ಲ. ನಾ ದಿನಾ ಸಂಗಟ ಬರಲಾಕ ಆಗ್ತದೇನು? ಸಾಲಿ ಅದ."

"ನಾ ಹೋಗ್ತೇನ್ರಿ. ನೀವು ಬರಬ್ಯಾಡ್ರಿ," ಎಂದಳು ರೂತಮ್ಮ. "ಸೀಟಿನ ಕೆಳಗ ಇನ್ನೊಬ್ಬ ಗಾಯದಂವನ್ನ ಮಲಗಸಲಾಕ ಜಾಗ ಆಗ್ತದ."